ಆನ್‌ಲೈನ್ ಗೇಮ್ ಬ್ಯಾನ್: ಕಥೆ ಆಡುವವರು, ದಾಳ ಉರುಳಿಸುವವರು ಹೆದರಬೇಕಾ?

2025ರ ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಮೂರೇ ದಿನದಲ್ಲಿ ಆನ್‌ಲೈನ್ ಗೇಮಿಂಗ್ ಪ್ರೋತ್ಸಾಹ ಮತ್ತು ನಿಯಂತ್ರಣ ಕಾಯ್ದೆ ಆಗಿಹೋಯಿತು. ಇಷ್ಟುದ್ದದ ಹೆಸರು ಯಾರ ನೆನಪಲ್ಲೂ ಉಳಿಯಲಿಲ್ಲ. ಜನರ ಬಾಯಿಗೆ ಬಂದದ್ದು ಒಂದೇ ಮಾತು: ಆನ್‌ಲೈನ್ ಗೇಮ್ ಬ್ಯಾನ್ ಆಯ್ತಂತೆ.

ಆ ಮಾತಿನಿಂದ ಹುಟ್ಟಿದ ಗೊಂದಲ ಇನ್ನೂ ಹೋಗಿಲ್ಲ. ಡೊಂಬಿವಲಿಯ ಒಂದು ಕನ್ನಡ ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ರಾತ್ರಿ ಹತ್ತು ಗಂಟೆ. ಮಗಳು ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಳೆ. ಪರದೆ ಮೇಲೆ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಪುಣೆಯಿಂದ ಒಬ್ಬ, ಮಡಗಾಂವ್‌ನಿಂದ ಇನ್ನೊಬ್ಬಳು ಕೂಗಿ ಚಪ್ಪಾಳೆ ತಟ್ಟುತ್ತಾರೆ. ಬಾಗಿಲಲ್ಲಿ ನಿಂತ ಅಮ್ಮ ಕೇಳುತ್ತಾರೆ: "ಇದೆಲ್ಲ ಬಂದ್ ಆಗಿದೆ ಅಲ್ವೇನೇ? ದಾಳ ಅಂದ್ರೆ ಜೂಜೇ ಅಲ್ವಾ?"

ಅಮ್ಮನ ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರಕ್ಕೆ ಮಾತ್ರ ಸ್ವಲ್ಪ ತಾಳ್ಮೆ ಬೇಕು.

ಇವು ಎಂಥ ಆಟಗಳು

ಇಲ್ಲಿ ಮಾತಾಡುತ್ತಿರುವುದು ಎರಡು ಬಗೆಯ ಆಟಗಳ ಬಗ್ಗೆ.

ಒಂದು, ವಿಶುವಲ್ ನಾವೆಲ್. ಪರದೆ ಮೇಲೆ ಚಿತ್ರ, ಹಿಂದೆ ಸಂಗೀತ, ಕೆಳಗೆ ಮಾತು. ಓದುತ್ತಾ ಹೋದ ಹಾಗೆ ಅಲ್ಲಲ್ಲಿ ನಿಲ್ಲಿಸಿ ಕೇಳುತ್ತದೆ: ಈಗ ಏನು ಮಾಡ್ತೀರಿ? ನೀವು ಆರಿಸಿದ ಹಾಗೆ ಕಥೆ ತಿರುಗುತ್ತದೆ. ಇಂಥದ್ದನ್ನು ಒಬ್ಬರೇ ಮನೆಯಲ್ಲಿ ಕೂತು ಮಾಡಬಹುದು. ಅದಕ್ಕಾಗಿ 2004ರಿಂದ ರೆನ್‌ಪೈ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಜಗತ್ತಿನಲ್ಲಿ ಒಬ್ಬಿಬ್ಬರೇ ಸೇರಿ ಮಾಡಿದ ವಿಶುವಲ್ ನಾವೆಲ್‌ಗಳಲ್ಲಿ ಬಹಳಷ್ಟು ಅದರಲ್ಲೇ ಆಗಿವೆ.

ಇನ್ನೊಂದು, ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್. ಇದರ ಮೊದಲ ದೊಡ್ಡ ಹೆಸರು 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಮುಂಬೈಯ ಕರಾವಳಿ ಮಂದಿಗೆ ಇದನ್ನು ವಿವರಿಸುವುದು ಸುಲಭ. ತಾಳಮದ್ದಳೆ ನೋಡಿದ್ದೀರಲ್ಲ? ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಗಳು ಕೂತಲ್ಲೇ ಕರ್ಣ ಆಗುತ್ತಾರೆ, ಕೃಷ್ಣ ಆಗುತ್ತಾರೆ, ಅಲ್ಲೇ ಹುಟ್ಟಿದ ಮಾತಲ್ಲಿ ವಾದ ಮಾಡುತ್ತಾರೆ. ಭಾಗವತರು ಪ್ರಸಂಗ ನಡೆಸುತ್ತಾರೆ. ಇಲ್ಲೂ ಹಾಗೆಯೇ. ಗೇಮ್ ಮಾಸ್ಟರ್ ಒಬ್ಬರು ಪ್ರಸಂಗ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ. ವ್ಯತ್ಯಾಸ ಏನೆಂದರೆ, ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಮೊದಲೇ ಗೊತ್ತಿಲ್ಲ. ಕತ್ತಿ ಬೀಸಿದ್ದು ತಾಗಿತೋ ತಪ್ಪಿತೋ ಅನ್ನುವುದನ್ನು ದಾಳ ಹೇಳುತ್ತದೆ.

ನಾಲ್ಕು ಜನ ಒಂದೇ ಮೇಜಿಗೆ ಬರುವುದು ಮುಂಬೈಯಲ್ಲಿ ಎಷ್ಟು ಕಷ್ಟ ಅನ್ನುವುದು ಲೋಕಲ್ ರೈಲು ಹತ್ತಿದವರಿಗೆಲ್ಲ ಗೊತ್ತು. ವಿರಾರ್‌ನವರು, ಪನ್ವೇಲ್‌ನವರು, ಡೊಂಬಿವಲಿಯವರು ವಾರದ ದಿನ ರಾತ್ರಿ ಎಲ್ಲಿ ಸೇರುವುದು? ಹಾಗಾಗಿ ಆ ಮೇಜೇ ಆನ್‌ಲೈನ್‌ಗೆ ಬಂದಿದೆ. 2012ರಲ್ಲಿ ಶುರುವಾದ ರೋಲ್20, 2020ರಲ್ಲಿ ಬಂದ ಫೌಂಡ್ರಿ, ಇನ್ನೂ ಹಗುರವಾದ ಔಲ್‌ಬೇರ್ ರೋಡಿಯೋ, ಎಲ್ಲವೂ ಇಂಥ ಸಾಧನಗಳೇ. ನಕ್ಷೆ, ಗೊಂಬೆ, ದಾಳ, ಪಾತ್ರದ ಹಾಳೆ, ಎಲ್ಲ ಪರದೆ ಮೇಲೆ.

ದಾಳ ಅಪರಾಧ ಅಲ್ಲ, ಪಣ ಅಪರಾಧ

ಕಾಯ್ದೆ ಆನ್‌ಲೈನ್ ಆಟಗಳನ್ನು ಮೂರು ಗುಂಪು ಮಾಡುತ್ತದೆ: ಇ-ಸ್ಪೋರ್ಟ್ಸ್ (ಸ್ಪರ್ಧೆಯ ಆಟ), ಸೋಶಿಯಲ್ ಗೇಮ್ (ಪಣವಿಲ್ಲದ ಮನರಂಜನೆಯ ಆಟ), ಮನಿ ಗೇಮ್. ನಿಷೇಧ ಇರುವುದು ಮೂರನೆಯದಕ್ಕೆ ಮಾತ್ರ.

ಮನಿ ಗೇಮ್ ಅಂದರೆ ಏನು? ಶುಲ್ಕ ಕಟ್ಟಿ, ಡಿಪಾಸಿಟ್ ಇಟ್ಟು ಅಥವಾ ಬೇರೆ ಯಾವುದಾದರೂ ಪಣ ಒಡ್ಡಿ, ಗೆದ್ದರೆ ದುಡ್ಡು ಅಥವಾ ಬೇರೆ ಲಾಭ ಬರುತ್ತದೆ ಎಂಬ ನಿರೀಕ್ಷೆಯಿಂದ ಆಡುವ ಆಟ. ಅದು ಬುದ್ಧಿಯ ಆಟವೋ ಅದೃಷ್ಟದ ಆಟವೋ ಅನ್ನುವುದನ್ನು ಕಾಯ್ದೆ ಕೇಳುವುದೇ ಇಲ್ಲ. ಇದು ದೊಡ್ಡ ಬದಲಾವಣೆ. ಇಲ್ಲಿವರೆಗೆ ನಮ್ಮ ಕೋರ್ಟುಗಳಲ್ಲಿ ನಡೆದ ವಾದವೆಲ್ಲ 'ಕೌಶಲ'ದ ಮೇಲೆಯೇ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. ಕೌಶಲದ ಆಟವನ್ನು ಜೂಜಿನ ಜೊತೆ ಸೇರಿಸಿ ನಿಷೇಧಿಸಲು ಬರುವುದಿಲ್ಲ ಎಂಬುದು ಅಲ್ಲಿ ಮುಖ್ಯವಾಗಿತ್ತು. ಹೊಸ ಕಾಯ್ದೆ ಆ ಬಾಗಿಲನ್ನೇ ಮುಚ್ಚಿ, ಪಣ ಇದೆಯೋ ಇಲ್ಲವೋ ಎಂದಷ್ಟೇ ಕೇಳುತ್ತದೆ.

ಕನ್ನಡದಲ್ಲಿ 'ಪಣ' ಅನ್ನುವ ಪದ ಇದ್ದದ್ದು ನಮಗೆ ಅನುಕೂಲವಾಯಿತು. ಮಹಾಭಾರತದ ಸಭೆಯಲ್ಲಿ ಉರುಳಿದ್ದು ದಾಳ. ನಮ್ಮ ಜಗಲಿಯ ಪಗಡೆಯಲ್ಲಿ ಉರುಳುವುದೂ ದಾಳವೇ. ಅಲ್ಲಿ ರಾಜ್ಯ ಪಣಕ್ಕಿತ್ತು, ಇಲ್ಲಿ ಏನೂ ಇಲ್ಲ. ಡೊಂಬಿವಲಿಯ ಹುಡುಗಿ ಉರುಳಿಸಿದ ದಾಳದ ಮೇಲೂ ಯಾವ ಪಣವೂ ಇಲ್ಲ. ಇಪ್ಪತ್ತು ಬಿದ್ದರೆ ಅವಳ ಪಾತ್ರ ಗೆಲ್ಲುತ್ತದೆ, ಅವಳ ಬ್ಯಾಂಕ್ ಖಾತೆ ಇದ್ದ ಹಾಗೇ ಇರುತ್ತದೆ.

ಇನ್ನು ದುಡ್ಡು ಕೊಟ್ಟು ಕೊಂಡ ಆಟ? ಇದಕ್ಕೂ ಕಾಯ್ದೆಯಲ್ಲೇ ಉತ್ತರ ಇದೆ. ಸೋಶಿಯಲ್ ಗೇಮ್ ಆಡಲು ಚಂದಾ ಅಥವಾ ಒಂದೇ ಸಲದ ಪ್ರವೇಶ ಶುಲ್ಕ ತೆಗೆದುಕೊಳ್ಳಬಹುದು, ಆದರೆ ಅದು ಪಣದ ರೂಪದಲ್ಲಿ ಇರಬಾರದು. ರೋಲ್20ಗೆ ಕಟ್ಟುವುದು ಚಂದಾ. ಫೌಂಡ್ರಿಗೆ ಕೊಡುವುದು ಒಂದೇ ಸಲದ ಬೆಲೆ. ಎರಡೂ ಈ ಸಾಲಿನೊಳಗೆ ಬರುತ್ತವೆ. ವಿಶುವಲ್ ನಾವೆಲ್ ಇನ್ನೂ ಸಲೀಸು. ಡೌನ್‌ಲೋಡ್ ಮಾಡಿಕೊಂಡ ಮೇಲೆ ಅದಕ್ಕೆ ನೆಟ್ ಕೂಡ ಬೇಡ. ಇಂಟರ್ನೆಟ್ ಮೂಲಕ ನಡೆಯುವ ಆಟ ಎಂಬ ಕಾಯ್ದೆಯ ವ್ಯಾಖ್ಯೆಗೇ ಅದು ಸರಿಯಾಗಿ ಹೊಂದುವುದಿಲ್ಲ. ಯಕ್ಷಗಾನದ ಆಟಕ್ಕೆ ಟಿಕೆಟ್ ತೆಗೆದವರನ್ನು ಯಾರೂ ಜೂಜುಕೋರ ಅನ್ನಲಿಲ್ಲ, ಅಲ್ವಾ? ಲೆಕ್ಕ ಅದೇ.

ಹಾಗಾದರೆ ಅಮ್ಮನಿಗೆ ಕೊಡುವ ಉತ್ತರ ಸ್ಪಷ್ಟ: ಇಲ್ಲ, ಇದು ಬಂದ್ ಆಗಿಲ್ಲ. ಅಷ್ಟೇ ಅಲ್ಲ, ಮನಿ ಗೇಮ್ ಆಡುವವರಿಗೂ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಶಿಕ್ಷೆ ಇರುವುದು ನಡೆಸುವವರಿಗೆ (ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ), ಜಾಹೀರಾತು ಕೊಡುವವರಿಗೆ, ಮತ್ತು ದುಡ್ಡು ದಾಟಿಸುವವರಿಗೆ. ಈ ಮೂರನೆಯವರನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಅವರದೇ.

ಗೆರೆ ಮಸುಕಾಗುವ ಜಾಗ

ಎಲ್ಲವೂ ಇಷ್ಟು ಸಲೀಸಾಗಿಲ್ಲ.

ಗೇಮ್ ಮಾಸ್ಟರ್ ಒಬ್ಬರು ಮೂರು ಗಂಟೆಯ ಆಟ ನಡೆಸಿಕೊಡಲು ತಲೆಗೆ ಇನ್ನೂರು ರೂಪಾಯಿ ತೆಗೆದುಕೊಂಡರು ಅನ್ನಿ. ಅದು ಅವರ ಕೆಲಸಕ್ಕೆ ಕೂಲಿ. ಗೆದ್ದವರಿಗೆ ವಾಪಸ್ ಏನೂ ಇಲ್ಲ. ತೊಂದರೆ ಕಾಣುವುದಿಲ್ಲ.

ಅದೇ ಇನ್ನೂರು ರೂಪಾಯಿ 'ಪ್ರವೇಶ ಶುಲ್ಕ' ಆಗಿ, ಅತ್ಯುತ್ತಮ ತಂಡಕ್ಕೆ ಐದು ಸಾವಿರ ನಗದು ಬಹುಮಾನ ಇಟ್ಟು, ಆಟ ಪೂರ್ತಿ ಆನ್‌ಲೈನ್‌ನಲ್ಲಿ ನಡೆದರೆ? ಕಾಲೇಜು ಹಬ್ಬಗಳಲ್ಲಿ ಯಾರಾದರೂ ಸುಮ್ನೆ ಉತ್ಸಾಹದಲ್ಲಿ ಮಾಡಿಬಿಡಬಹುದಾದ ಕೆಲಸ ಇದು. ಆದರೆ ಕಾಯ್ದೆಯ ಅಕ್ಷರ ಹಿಡಿದು ಓದಿದರೆ ಶುಲ್ಕ ಇದೆ, ಗೆದ್ದರೆ ದುಡ್ಡು ಬರುವ ನಿರೀಕ್ಷೆ ಇದೆ. ಇ-ಸ್ಪೋರ್ಟ್ಸ್‌ಗೆ ಬಹುಮಾನದ ವಿನಾಯಿತಿ ಇದೆ ನಿಜ, ಅದಕ್ಕೆ ಮಾನ್ಯತೆ, ನೋಂದಣಿ ಬೇಕು. ಆರು ಜನ ಕೂತು ಕಥೆ ಕಟ್ಟುವ ಆಟಕ್ಕೆ ಅದು ಸಿಗುವ ಹಾಗೆ ಕಾಣುವುದಿಲ್ಲ. ಆದ್ದರಿಂದ ಆಯೋಜಿಸುವವರು ಶುಲ್ಕ ಬಿಡಬೇಕು, ಇಲ್ಲವೇ ನಗದು ಬಿಡಬೇಕು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಅಪಾಯ.

ಇನ್ನೊಂದು, ಮೊಬೈಲ್‌ನ ಕೆಲವು ಕಥಾ ಆಟಗಳಲ್ಲಿ ದುಡ್ಡು ಕೊಟ್ಟು ರತ್ನ ಕೊಂಡು, ಆ ರತ್ನದಿಂದ ಯಾವ ಪಾತ್ರ ಸಿಗುತ್ತದೋ ಎಂದು ಅದೃಷ್ಟ ನೋಡುವ ಪದ್ಧತಿ. ದುಡ್ಡಿಗೆ ಕೊಂಡ ನಾಣ್ಯ, ಟೋಕನ್‌ಗಳನ್ನೂ ಕಾಯ್ದೆ 'ಪಣ'ದ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಗೆದ್ದದ್ದನ್ನು ಹೊರಗೆ ಮಾರಿ ದುಡ್ಡು ಮಾಡಲು ಬಂದರೆ ಅನುಮಾನ ಜಾಸ್ತಿ, ಬರದಿದ್ದರೆ ಕಡಿಮೆ. ಇದನ್ನು ತೀರ್ಮಾನ ಮಾಡಬೇಕಾದ್ದು ಕಾಯ್ದೆ ಹೇಳುವ ಪ್ರಾಧಿಕಾರ.

ಗೋವಾದವರು ಕೇಳುವ ಪ್ರಶ್ನೆಯೊಂದು ಇದೆ. ಪಣಜಿಯಲ್ಲಿ ಮಾಂಡೋವಿ ಮೇಲೆ ಕ್ಯಾಸಿನೊ ಹಡಗುಗಳ ದೀಪ ರಾತ್ರಿಯಿಡೀ ಉರಿಯುತ್ತದೆ, ಮೊಬೈಲಿನ ಹತ್ತು ರೂಪಾಯಿ ರಮ್ಮಿ ಮಾತ್ರ ಅಪರಾಧ, ಇದು ಹೇಗೆ? ಜೂಜು ಸಂವಿಧಾನದಲ್ಲಿ ರಾಜ್ಯದ ಪಟ್ಟಿಯ ವಿಷಯ. ಗೋವಾ ತನ್ನ 1976ರ ಕಾಯ್ದೆಗೆ ತಿದ್ದುಪಡಿ ತಂದು ಕ್ಯಾಸಿನೊಗೆ ಜಾಗ ಕೊಟ್ಟಿದೆ. ಕೇಂದ್ರದ ಹೊಸ ಕಾಯ್ದೆ ಆನ್‌ಲೈನ್‌ಗೆ ಮಾತ್ರ ಸೀಮಿತ.

ಯಾರು ಏನು ಹೇಳುತ್ತಾರೆ

ಸರ್ಕಾರದ ವಾದ ಹಗುರವಾದದ್ದಲ್ಲ. ದುಡ್ಡಿನ ಆಟಗಳಲ್ಲಿ ವರ್ಷಕ್ಕೆ 45 ಕೋಟಿ ಜನ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಾರೆ ಎಂಬುದು ಅದರ ಅಂದಾಜು. ಸಾಲ, ಆತ್ಮಹತ್ಯೆ, ಒಡೆದ ಸಂಸಾರ, ಇವೆಲ್ಲ ನಿಜ. ಮುಂಬೈಯಲ್ಲಿ ಮಟ್ಕಾ, ನಮ್ಮೂರುಗಳಲ್ಲಿ ಓಸಿ ಎಷ್ಟು ಮನೆ ಮುಳುಗಿಸಿತು ಅನ್ನುವುದು ಹಳೆಯ ತಲೆಮಾರಿಗೆ ಗೊತ್ತು. ಅದೇ ಈಗ ಜೇಬಿಗೆ ಬಂದಿತ್ತು.

ಕಂಪನಿಗಳ ವಾದ ಬೇರೆ. ಕೌಶಲದ ಆಟ ವ್ಯಾಪಾರದ ಹಕ್ಕು, ನಿಷೇಧಿಸಿದರೆ ಜನ ವಿದೇಶದ ಕಳ್ಳ ಆ್ಯಪ್‌ಗಳಿಗೆ ಹೋಗುತ್ತಾರೆ ಅನ್ನುತ್ತವೆ. ಕರ್ನಾಟಕ, ದೆಹಲಿ, ಮಧ್ಯಪ್ರದೇಶ ಹೈಕೋರ್ಟ್‌ಗಳಲ್ಲಿದ್ದ ಅರ್ಜಿಗಳನ್ನು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತನ್ನ ಬಳಿ ತರಿಸಿಕೊಂಡಿತು. ಅದೇ ತಿಂಗಳ 22ರಿಂದ ದುಡ್ಡಿನ ಆಟಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿತು.

ಈ ಜಗಳದಲ್ಲಿ ಇನ್ನೊಂದು ಗುಂಪಿನ ಧ್ವನಿ ಕೇಳಿಸುವುದೇ ಇಲ್ಲ. ಒಂಟಿಯಾಗಿ ಕೂತು ಕಥೆ ಆಟ ಮಾಡುವವರಿಗೆ ಲಾಬಿ ಇಲ್ಲ, ವಕೀಲರಿಲ್ಲ. ಅವರಿಗೆ ರಮ್ಮಿಯೂ ಬೇಡ, ಬೆಟ್ಟಿಂಗೂ ಬೇಡ. ಆದರೆ ಎಲ್ಲರ ಬಾಯಲ್ಲೂ ಅವರದು 'ಗೇಮ್'. ಆ ಒಂದು ಪದವೇ ಅವರಿಗೆ ಕುತ್ತು ತರಬಹುದು. ಹೇಗೆ ಅನ್ನುವುದಕ್ಕೆ ಕಾಯ್ದೆ ಬರುವ ಹಿಂದಿನ ತಿಂಗಳು ನಡೆದದ್ದನ್ನು ನೋಡಬೇಕು.

ಜುಲೈ 2025: ಕಾನೂನಿಲ್ಲದೆ ಬಿದ್ದ ಬೀಗ

ಇಚ್ ಡಾಟ್ ಐಒ 2013ರಲ್ಲಿ ಶುರುವಾದ ಮಾರಾಟದ ಜಾಲತಾಣ. ಸಣ್ಣವರ ಸಂತೆ ಅನ್ನಬಹುದು. ವಿಶುವಲ್ ನಾವೆಲ್, ರೋಲ್‌ಪ್ಲೇಯಿಂಗ್ ನಿಯಮಗಳ ಪಿಡಿಎಫ್, ಚಿತ್ರ, ಸಂಗೀತ, ಎಲ್ಲ ಅಲ್ಲಿ ಸಿಗುತ್ತದೆ. ಮಾರಿದ ದುಡ್ಡಿನಲ್ಲಿ ತಾಣಕ್ಕೆ ಎಷ್ಟು ಪಾಲು ಕೊಡಬೇಕು ಎಂದು ಮಾರುವವರೇ ತೀರ್ಮಾನಿಸುತ್ತಾರೆ. ಕಂಪ್ಯೂಟರ್ ಆಟಗಳ ದೊಡ್ಡ ಅಂಗಡಿಯಾದ ಸ್ಟೀಮ್‌ನಲ್ಲಿ ಸಾಮಾನ್ಯವಾಗಿ ಶೇ 30 ಹೋಗುತ್ತದೆ, ಜೊತೆಗೆ ಒಂದು ಆಟ ಇಡಲು ಮೊದಲೇ 100 ಡಾಲರ್ ಕಟ್ಟಬೇಕು. ಹಾಗಾಗಿ ಮೊದಲ ಆಟ ಮಾಡುವವರು ಇಚ್ ಕಡೆಗೇ ಹೋಗುತ್ತಾರೆ.

2025ರ ಏಪ್ರಿಲ್‌ನಲ್ಲಿ ಲೈಂಗಿಕ ಹಿಂಸೆಯನ್ನೇ ವಸ್ತು ಮಾಡಿಕೊಂಡ ಒಂದು ಆಟದ ವಿರುದ್ಧ ದೊಡ್ಡ ಕೂಗು ಎದ್ದಿತು. ಆಟ ಸ್ಟೀಮ್‌ನಿಂದ ಹೊರಗೆ ಹೋಯಿತು. ವಿಷಯ ಅಲ್ಲಿಗೆ ನಿಲ್ಲಲಿಲ್ಲ. ಆಸ್ಟ್ರೇಲಿಯಾದ ಕಲೆಕ್ಟಿವ್ ಶೌಟ್ ಎಂಬ ಸಂಘಟನೆ ಜುಲೈನಲ್ಲಿ ಕಾರ್ಡ್ ಮತ್ತು ಪಾವತಿ ಕಂಪನಿಗಳಿಗೇ ಬಹಿರಂಗ ಪತ್ರ ಬರೆಯಿತು. ಸರ್ಕಾರಕ್ಕಲ್ಲ, ಕೋರ್ಟಿಗಲ್ಲ, ದುಡ್ಡು ದಾಟಿಸುವವರಿಗೆ. ಜುಲೈ ಮಧ್ಯದಲ್ಲಿ ಸ್ಟೀಮ್ ತನ್ನ ನಿಯಮಕ್ಕೆ ಹೊಸ ಸಾಲು ಸೇರಿಸಿತು: ಪಾವತಿ ಕಂಪನಿಗಳ, ಕಾರ್ಡ್ ಜಾಲಗಳ, ಬ್ಯಾಂಕ್‌ಗಳ ನಿಯಮ ಮೀರುವಂಥದ್ದು ಇಲ್ಲಿ ಇರುವ ಹಾಗಿಲ್ಲ. ಜುಲೈ 24ರ ಹೊತ್ತಿಗೆ ಇಚ್ 'ವಯಸ್ಕರಿಗೆ' ಎಂದು ಗುರುತು ಹಾಕಿದ ಪುಟಗಳನ್ನೆಲ್ಲ ಹುಡುಕಾಟದಿಂದ ತೆಗೆದುಹಾಕಿತು. ಮುಂಚೆ ಹೇಳಲು ಸಮಯವೇ ಇರಲಿಲ್ಲ, ಪಾವತಿಯ ದಾರಿ ಉಳಿಸಿಕೊಳ್ಳಬೇಕಿತ್ತು ಎಂದು ಅದು ಒಪ್ಪಿಕೊಂಡಿತು.

ಇಲ್ಲಿ ಗಮನಿಸಬೇಕಾದ್ದು ತೆಗೆದ ರೀತಿ. ಒಂದೊಂದು ಪುಟ ಓದಿ ತೆಗೆದದ್ದಲ್ಲ, ಗುರುತು ನೋಡಿ ತೆಗೆದದ್ದು. ಹಿಂಸೆಯನ್ನು ಮಾರಿದ ಆಟವೂ ಹೋಯಿತು, ತಾನು ಅನುಭವಿಸಿದ ಹಿಂಸೆಯ ಬಗ್ಗೆ ನೋವಿನಿಂದ ಬರೆದು, ಓದುಗರಿಗೆ ಎಚ್ಚರಿಕೆ ಇರಲಿ ಎಂದು ಪ್ರಾಮಾಣಿಕವಾಗಿ ಅದೇ ಗುರುತು ಹಾಕಿದ್ದ ಪುಟವೂ ಹೋಯಿತು. ಸತ್ಯ ಹೇಳಿದವರಿಗೇ ಪೆಟ್ಟು ಬಿತ್ತು. ಕೆಲವು ದಿನದ ನಂತರ ಉಚಿತವಾಗಿ ಕೊಡುವಂಥವನ್ನು ಇಚ್ ಮತ್ತೆ ಹುಡುಕಾಟಕ್ಕೆ ತಂದಿತು. ದುಡ್ಡು ಕೈ ಬದಲಾಯಿಸುವವು ಹೊರಗೇ ಉಳಿದವು. ಗೇಟು ಎಲ್ಲಿದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಜವಾಬ್ದಾರಿ ಯಾರದು ಎಂದು ಕೇಳಿದರೆ ಕೈ ತೋರಿಸುವ ಆಟ. ತಾನು ಯಾವ ಆಟವನ್ನೂ ಪರಿಶೀಲಿಸಿಲ್ಲ, ತೆಗೆಯಿರಿ ಎಂದಿಲ್ಲ ಎಂದು ಮಾಸ್ಟರ್‌ಕಾರ್ಡ್ ಆಗಸ್ಟ್ 1ರಂದು ಹೇಳಿತು. ಮಾಸ್ಟರ್‌ಕಾರ್ಡ್ ನೇರವಾಗಿ ಮಾತಾಡಲಿಲ್ಲ, ನಡುವಿನ ಪಾವತಿ ಕಂಪನಿಗಳು ಮತ್ತು ಬ್ಯಾಂಕ್‌ಗಳು ಅದರ ನಿಯಮವನ್ನೇ ತೋರಿಸಿದವು ಎಂದು ಸ್ಟೀಮ್ ನಡೆಸುವ ವಾಲ್ವ್ ಹೇಳಿತು. ನಡುವೆ ಇಷ್ಟು ಜನ ಇದ್ದಾಗ ಸಣ್ಣ ಬರಹಗಾರ ಯಾರ ಬಾಗಿಲು ತಟ್ಟಬೇಕು? ಮೇಲ್ಮನವಿ ಹಾಕಲು ಒಂದು ಕಿಟಕಿಯೂ ಇಲ್ಲ.

ಪುಣೆಯಿಂದ ಧಾರವಾಡಕ್ಕೆ ನೂರು ರೂಪಾಯಿ

ಈಗ ನಮ್ಮ ಕಾಯ್ದೆಗೆ ವಾಪಸ್ ಬರೋಣ. ಮನಿ ಗೇಮ್‌ಗೆ ದುಡ್ಡು ದಾಟಿಸಿದ ಬ್ಯಾಂಕ್‌ಗೂ, ಪಾವತಿ ಕಂಪನಿಗೂ ಅದು ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ ಇಟ್ಟಿದೆ. ಉದ್ದೇಶ ಒಳ್ಳೆಯದೇ, ಬೆಟ್ಟಿಂಗ್ ಆ್ಯಪ್‌ಗಳ ಉಸಿರು ಅಲ್ಲೇ ಇರುವುದು. ಆದರೆ ಪಾವತಿ ಕಂಪನಿಯ ಜಾಗದಲ್ಲಿ ನಿಂತು ಯೋಚಿಸಿ. ಕಾರ್ಡ್ ಜಾಲಗಳು ವ್ಯಾಪಾರವನ್ನು ಗುರುತಿಸುವುದು ನಾಲ್ಕಂಕಿಯ ಕೋಡ್‌ನಿಂದ. ಬೆಟ್ಟಿಂಗ್‌ಗೆ 7995. ಡಿಜಿಟಲ್ ಆಟಗಳಿಗೆ 5816. ಈ ಎರಡನೇ ಡಬ್ಬಿಯಲ್ಲಿ ಎಲ್ಲವೂ ಒಟ್ಟಿಗೆ ಇರುತ್ತವೆ: ಗುಂಡು ಹಾರಿಸುವ ಆಟ, ಮಕ್ಕಳ ಪಜಲ್, ಕನ್ನಡದ ಒಂದು ಕಥೆ. ಒಂದು ಕೋಟಿ ದಂಡದ ಭಯ ಒಂದು ಕಡೆ, ನೂರು ರೂಪಾಯಿ ಆಟದಿಂದ ಸಿಗುವ ಎರಡು ರೂಪಾಯಿ ಕಮಿಷನ್ ಇನ್ನೊಂದು ಕಡೆ. ಕೂತು ಕಥೆ ಓದಿ ತೀರ್ಮಾನ ಮಾಡುವವರು ಯಾರು? 'ಗೇಮ್' ಎಂದು ಬರೆದ ಅರ್ಜಿಯನ್ನು ಬೇಡ ಅಂದುಬಿಡುವುದು ಅವರಿಗೆ ಸುಲಭ.

ಇದರ ಮೇಲೆ ಹಳೆಯ ತೊಡಕುಗಳೂ ಇವೆ. ಒಂದು ಉದಾಹರಣೆ ಕಟ್ಟಿ ನೋಡೋಣ. ಪುಣೆಯ ಕೊತ್ರೂಡ್‌ನಲ್ಲಿರುವ ಕನ್ನಡ ಹುಡುಗನೊಬ್ಬ ವಿಶುವಲ್ ನಾವೆಲ್ ಮಾಡಿದ್ದಾನೆ. ಮುಂಬೈಯ ಹೋಟೆಲಿನಲ್ಲಿ ಹಗಲು ಕೆಲಸ ಮಾಡಿ, ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದ ಒಬ್ಬ ಮಾಣಿಯ ಕಥೆ. ಬೆಲೆ ನೂರು ರೂಪಾಯಿ.

ಮೊದಲ ತೊಡಕು ಅಕ್ಷರದ್ದೇ. ಹಳೆಯ ರೆನ್‌ಪೈಯಲ್ಲಿ ಕನ್ನಡ ಬರೆದರೆ ಒತ್ತಕ್ಷರ ಕೂಡುತ್ತಿರಲಿಲ್ಲ. 'ಅಮ್ಮ' ಎಂದು ಬರೆದರೆ ಪರದೆ ಮೇಲೆ 'ಅಮ್‌ಮ' ಎಂದು ಮುರಿದು ಬೀಳುತ್ತಿತ್ತು. ಕಥೆಯಲ್ಲಿ ಮಗ ತಾಯಿಗೆ ಕಾಗದ ಬರೆಯುವ ದೃಶ್ಯದಲ್ಲಿ ಹೀಗೆ ಕಂಡರೆ ಓದುವವರಿಗೆ ಏನನಿಸಬೇಕು? ಈಚಿನ ಆವೃತ್ತಿಗಳು ಹಾರ್ಫ್‌ಬಜ್ ಎಂಬ, ಅಕ್ಷರ ಜೋಡಿಸುವ ಸಾಫ್ಟ್‌ವೇರ್ ಬಳಸುವುದರಿಂದ ಈ ತೊಂದರೆ ಹೋಗಿದೆ. ಸದ್ದಿಲ್ಲದೆ ಆದ ಈ ಬದಲಾವಣೆ ಕನ್ನಡಕ್ಕೆ ದೊಡ್ಡ ಬಾಗಿಲು ತೆರೆದಿದೆ.

ಎರಡನೇ ತೊಡಕು ದುಡ್ಡಿನದು. ಧಾರವಾಡದ ಓದುಗಿಯೊಬ್ಬಳಿಗೆ ಆಟ ಬೇಕು. ಪೇಪಾಲ್‌ನಲ್ಲಿ ಕೊಡೋಣ ಅಂದರೆ, ಪೇಪಾಲ್ 2021ರ ಏಪ್ರಿಲ್ 1ರಿಂದ ದೇಶದೊಳಗಿನ ಪಾವತಿ ನಿಲ್ಲಿಸಿದೆ. ಅಂದರೆ ಜರ್ಮನಿಯಲ್ಲಿರುವವರು ಇವನ ಖಾತೆಗೆ ದುಡ್ಡು ಹಾಕಬಹುದು, ಧಾರವಾಡದವರು ಹಾಕಲಾರರು! ಇನ್ನೊಂದು ಪಾವತಿ ಕಂಪನಿ ಸ್ಟ್ರೈಪ್ ಭಾರತದಲ್ಲಿ 2024ರಿಂದ ಆಹ್ವಾನ ಕೊಟ್ಟವರನ್ನು ಮಾತ್ರ ಸೇರಿಸಿಕೊಳ್ಳುತ್ತಿದೆ. ಸ್ಟೀಮ್‌ನಲ್ಲಿ ಯುಪಿಐ ನಡೆಯುತ್ತದೆ, ಆದರೆ ಅಲ್ಲಿ ಮೊದಲೇ ಆ 100 ಡಾಲರ್ ಬೇಕು. ಆಡುವವರ ಕಡೆಯೂ ಇದೇ ಗೋಳು. ರಿಸರ್ವ್ ಬ್ಯಾಂಕ್ ನಿಯಮ 2021ರ ಅಕ್ಟೋಬರ್‌ನಲ್ಲಿ ಜಾರಿಯಾದಾಗ ತಿಂಗಳು ತಿಂಗಳು ತಾನಾಗಿ ಕಡಿತವಾಗುತ್ತಿದ್ದ ಅನೇಕ ವಿದೇಶಿ ಚಂದಾಗಳು ನಿಂತುಹೋದವು.

ಕನ್ನಡದಲ್ಲಿ ಬರೆದು ಕನ್ನಡಿಗರಿಗೆ ಮಾರುವವರಿಗೇ ದಾರಿ ಅತಿ ಇಕ್ಕಟ್ಟು. ಇಂಗ್ಲಿಷಿನಲ್ಲಿ ಬರೆದು ಹೊರದೇಶಕ್ಕೆ ಮಾರಿದರೆ ಅಷ್ಟು ಕಷ್ಟವಿಲ್ಲ. ಇದು ಬೇಸರದ ಸಂಗತಿ ಮಾತ್ರ ಅಲ್ಲ, ಯಾವ ಭಾಷೆಯಲ್ಲಿ ಆಟ ಹುಟ್ಟುತ್ತದೆ ಅನ್ನುವುದನ್ನೇ ಇದು ತೀರ್ಮಾನಿಸುತ್ತದೆ.

ಮುಂದೆ ಏನಾಗಬಹುದು

ಕರಡು ನಿಯಮಗಳು 2025ರ ಅಕ್ಟೋಬರ್‌ನಲ್ಲಿ ಹೊರಬಂದವು. ನಿಯಮ ಓದುವಾಗ ಆಟಗಾರರು ನೋಡಬೇಕಾದ್ದು ಎರಡು ವಿಷಯ. ಒಂದು, ಸೋಶಿಯಲ್ ಗೇಮ್‌ಗಳ ನೋಂದಣಿ. ಕೇಂದ್ರ ಅವನ್ನು ಗುರುತಿಸಿ ನೋಂದಾಯಿಸಬಹುದು ಎಂದು ಕಾಯ್ದೆ ಹೇಳುತ್ತದೆ. 'ಬಹುದು' ಅನ್ನುವುದು ಹಾಗೇ ಉಳಿದರೆ ಯಾರಿಗೂ ತೊಂದರೆಯಿಲ್ಲ. ಪಾವತಿ ಕಂಪನಿಗಳು 'ನೋಂದಣಿ ಸಂಖ್ಯೆ ಕೊಡಿ, ಆಮೇಲೆ ಮಾತಾಡೋಣ' ಎಂದು ಹಟ ಹಿಡಿದರೆ, ಕಾನೂನಿನಲ್ಲಿ ಐಚ್ಛಿಕವಾದದ್ದು ಬೀದಿಯಲ್ಲಿ ಕಡ್ಡಾಯ ಆಗುತ್ತದೆ. ದೊಡ್ಡ ಕಂಪನಿ ಅದಕ್ಕೊಬ್ಬ ಗುಮಾಸ್ತನನ್ನು ಇಡುತ್ತದೆ. ಕೊತ್ರೂಡ್‌ನ ಹುಡುಗ ಆಟವನ್ನೇ ಬಿಡುತ್ತಾನೆ.

ಎರಡು, ಅನುಮಾನದಿಂದ ದುಡ್ಡು ತಡೆದ ಬ್ಯಾಂಕ್ ಕಾರಣ ಹೇಳಬೇಕಾ, ಎಷ್ಟು ದಿನದಲ್ಲಿ ಹೇಳಬೇಕು ಅನ್ನುವುದು. ನನ್ನ ಮಟ್ಟಿಗೆ ಇದೇ ಮುಖ್ಯ. ಜುಲೈನಲ್ಲಿ ಇಲ್ಲದೆ ಹೋದದ್ದು ಇದೇ.

ಒಂದು ಸಮಾಧಾನದ ಸಂಗತಿಯೂ ಇದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮಾಲೀಕ ಕಂಪನಿ 2023ರ ಜನವರಿಯಲ್ಲಿ ಬೇರೆಯವರು ತನ್ನ ನಿಯಮ ಬಳಸಲು ಕೊಟ್ಟಿದ್ದ ಹಳೆಯ ಲೈಸೆನ್ಸ್ ಬಿಗಿ ಮಾಡಲು ಹೊರಟು, ಆಟಗಾರರ ಸಿಟ್ಟಿಗೆ ಮಣಿಯಿತು. ಅದೇ ತಿಂಗಳ 27ಕ್ಕೆ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಲೈಸೆನ್ಸ್ ಅಡಿ ಬಿಟ್ಟುಕೊಟ್ಟಿತು. ಅದನ್ನು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ಮೂಲದ ಹೆಸರು ಹಾಕಿ ಆ ನಿಯಮಗಳನ್ನು ಯಾರು ಬೇಕಾದರೂ ಕನ್ನಡಕ್ಕೆ ತರಬಹುದು, ಮಾರಲೂಬಹುದು. ಮಾಟುಂಗಾದಲ್ಲೋ ಮಾಹಿಮ್‌ನಲ್ಲೋ ನಮ್ಮ ಸಂಘಗಳ ಕೋಣೆಯೊಂದರಲ್ಲಿ ಐದು ಜನ, ಒಂದು ಕನ್ನಡ ನಿಯಮಪುಸ್ತಕ, ಕೈಯಲ್ಲಿ ಹಿಡಿಯುವ ದಾಳ. ಇದಕ್ಕೆ ಕೋಡೂ ಬೇಡ, ಗೇಟ್‌ವೇಯೂ ಬೇಡ.

ಆನ್‌ಲೈನ್‌ನಲ್ಲೇ ಇರಬೇಕಾದವರು ಸದ್ಯಕ್ಕೆ ಆಟದ ಕಡತದ ಒಂದು ಪ್ರತಿಯನ್ನು ತಮ್ಮ ಬಳಿಯೇ ಇಟ್ಟುಕೊಳ್ಳಲಿ, ಎರಡು ಕಡೆ ಮಾರಾಟಕ್ಕೆ ಇಡಲಿ, ಪಾವತಿ ಕಂಪನಿಯ ಅರ್ಜಿಯಲ್ಲಿ ಇದು ಏನು ಎಂಬ ಕಡೆ ಬರೀ 'ಗೇಮ್' ಎಂದು ಬರೆದು ಬಿಡದಿರಲಿ. ಕೆಳಗೆ ಇನ್ನೊಂದು ಸಾಲು ಸೇರಿಸಲಿ: ಓದುವ ಕಥೆ, ಒಂದೇ ಸಲದ ಬೆಲೆ, ಪಣ ಇಲ್ಲ, ನಗದು ಬಹುಮಾನ ಇಲ್ಲ.